ಜಾವಾ ವೆಬ್ ಅಪ್ಲಿಕೇಶನ್‌ಗಳಲ್ಲಿ ಲಾಗಿಂಗ್ ವ್ಯವಸ್ಥೆಯ ಆರಂಭ ಮತ್ತು ಮುಕ್ತಾಯ

ಜಾವಾ ವೆಬ್ ಅಪ್ಲಿಕೇಶನ್‌ಗಳು ತಾವು ಮಾಡಿದ ಕೆಲಸ, ಎದುರಾದ ದೋಷ, ಬಂದ ಕೋರಿಕೆಗಳನ್ನು ಬರೆದಿಡಲು ಲಾಗಿಂಗ್ ಫ್ರೇಮ್‌ವರ್ಕ್‌ಗಳನ್ನು ಬಳಸುತ್ತವೆ. ಲಾಗ್4ಜೆ, ಲಾಗ್‌ಬ್ಯಾಕ್ ಮತ್ತು ಜಾವಾದ ಜೊತೆಗೇ ಬರುವ ಜೆಯುಎಲ್ ಇವುಗಳಲ್ಲಿ ಮುಖ್ಯವಾದವು. ಪ್ರೋಗ್ರಾಮರ್ ಬರೆಯುವುದು ಒಂದು ಸಾಲಿನ ಲಾಗ್ ಮಾತ್ರ. ಆ ಸಾಲಿನ ಹಿಂದೆ ತೆರೆದಿಟ್ಟ ಕಡತಗಳು, ಹಿನ್ನೆಲೆಯಲ್ಲಿ ಓಡುವ ಥ್ರೆಡ್‌ಗಳು, ಸಂದೇಶಗಳು ಕಾದು ನಿಲ್ಲುವ ಸರದಿಗಳು, ಕೆಲವೊಮ್ಮೆ ದೂರದ ಸರ್ವರ್‌ಗೆ ಜೋಡಿಸಿದ ನೆಟ್‌ವರ್ಕ್ ಸಂಪರ್ಕಗಳು ಇರುತ್ತವೆ. ಇವನ್ನು ಹೊತ್ತಿಗೆ ಮುಂಚೆ ಮುಚ್ಚಿದರೆ ಅತಿ ಮುಖ್ಯವಾದ ಕೊನೆಯ ಸಾಲುಗಳು ಕಾಣೆಯಾಗುತ್ತವೆ; ಮುಚ್ಚದೇ ಬಿಟ್ಟರೆ ಮೆಮೊರಿ ಸೋರುತ್ತದೆ, ಕಡತಗಳು ಬೀಗ ಬಿದ್ದಂತೆ ಉಳಿಯುತ್ತವೆ. ಮದುವೆ ಮನೆಯ ಅಡುಗೆಯವರ ಹಾಗೆ ಲಾಗರ್ ಎಲ್ಲರಿಗಿಂತ ಮೊದಲು ಬಂದು ಎಲ್ಲರೂ ಹೋದ ಮೇಲೆ ಹೊರಡಬೇಕು. ವೆಬ್ ಅಪ್ಲಿಕೇಶನ್‌ಗಳಲ್ಲಿ ಈ ಸರಳ ನಿಯಮವನ್ನು ಪಾಲಿಸುವುದು ಕಷ್ಟವಾಗಲು ನಿರ್ದಿಷ್ಟ ಕಾರಣಗಳಿವೆ.

ಎರಡು ಆಯುಷ್ಯಗಳು

ಕಮಾಂಡ್ ಲೈನ್‌ನಲ್ಲಿ ಓಡುವ ಸಾಮಾನ್ಯ ಜಾವಾ ಪ್ರೋಗ್ರಾಂ ಮತ್ತು ಅದನ್ನು ಓಡಿಸುವ ಜೆವಿಎಂ ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುತ್ತವೆ. ಅಲ್ಲಿ ಲಾಗರ್ ಮುಚ್ಚುವುದನ್ನು ಮರೆತರೂ ಪ್ರಕ್ರಿಯೆ ಮುಗಿದಾಗ ಆಪರೇಟಿಂಗ್ ಸಿಸ್ಟಮ್ ಕಡತಗಳನ್ನೂ ಮೆಮೊರಿಯನ್ನೂ ಹಿಂದಕ್ಕೆ ಪಡೆಯುತ್ತದೆ. ಟಾಮ್‌ಕ್ಯಾಟ್, ಜೆಟ್ಟಿ, ವೈಲ್ಡ್‌ಫ್ಲೈಯಂಥ ಸರ್ವ್ಲೆಟ್ ಕಂಟೈನರ್‌ಗಳಲ್ಲಿ ಪರಿಸ್ಥಿತಿ ಬೇರೆ. ಒಂದೇ ಜೆವಿಎಂ ಒಳಗೆ ಹಲವು ಅಪ್ಲಿಕೇಶನ್‌ಗಳು ಓಡುತ್ತವೆ. ಒಂದನ್ನು ನಿಲ್ಲಿಸಿ ಹೊಸ ವಾರ್ ಕಡತ ಹಾಕಿ ಮತ್ತೆ ಎಬ್ಬಿಸಬಹುದು. ಅಷ್ಟು ಹೊತ್ತೂ ಜೆವಿಎಂ ಓಡುತ್ತಲೇ ಇರುತ್ತದೆ. ಅಂದರೆ ಅಪ್ಲಿಕೇಶನ್ನಿನ ಆಯುಷ್ಯ ಜೆವಿಎಂ ಆಯುಷ್ಯಕ್ಕಿಂತ ಚಿಕ್ಕದು. ಲಾಗಿಂಗ್ ವ್ಯವಸ್ಥೆ ಈ ಎರಡರಲ್ಲಿ ಯಾವುದಕ್ಕೆ ಕಟ್ಟುಬಿದ್ದಿದೆ ಎಂಬುದು ಇಲ್ಲಿನ ಮೂಲ ಪ್ರಶ್ನೆ.

ಪ್ರತಿ ವೆಬ್ ಅಪ್ಲಿಕೇಶನ್ನಿಗೂ ಕಂಟೈನರ್ ಪ್ರತ್ಯೇಕ ಕ್ಲಾಸ್‌ಲೋಡರ್ ಕೊಡುತ್ತದೆ. ಅಪ್ಲಿಕೇಶನ್ ನಿಂತ ಮೇಲೆ ಆ ಕ್ಲಾಸ್‌ಲೋಡರನ್ನು ಯಾರೂ ಹಿಡಿದುಕೊಂಡಿರದಿದ್ದರೆ ಅದೂ ಅದು ತಂದ ಸಾವಿರಾರು ಕ್ಲಾಸ್‌ಗಳೂ ಮೆಮೊರಿಯಿಂದ ತೊಲಗುತ್ತವೆ. ಆದರೆ ಆ ಅಪ್ಲಿಕೇಶನ್ ಹುಟ್ಟುಹಾಕಿದ ಒಂದೇ ಒಂದು ಥ್ರೆಡ್ ಓಡುತ್ತಿದ್ದರೂ ಸಾಕು, ಇಡೀ ಕ್ಲಾಸ್‌ಲೋಡರ್ ಅಲ್ಲೇ ಉಳಿಯುತ್ತದೆ. ಲಾಗಿಂಗ್ ಫ್ರೇಮ್‌ವರ್ಕ್‌ಗಳು ಥ್ರೆಡ್‌ಗಳನ್ನು ಧಾರಾಳವಾಗಿ ಬಳಸುತ್ತವೆ: ಕಾನ್ಫಿಗರೇಶನ್ ಕಡತ ಬದಲಾಯಿತೇ ಎಂದು ನೋಡಲು ಒಂದು, ಅಸಿಂಕ್ರನಸ್ ಬರವಣಿಗೆಗೆ ಇನ್ನೊಂದು. ಆದ್ದರಿಂದಲೇ ವೆಬ್ ಅಪ್ಲಿಕೇಶನ್ ಸೋರಿಕೆಯ ತನಿಖೆ ಅನೇಕ ಸಲ ಲಾಗರ್ ಬಳಿ ಬಂದು ನಿಲ್ಲುತ್ತದೆ. ಜಾವಾ 7ರವರೆಗೆ ಕ್ಲಾಸ್‌ಗಳ ವಿವರ ಪರ್ಮ್‌ಜೆನ್ ಎಂಬ ಸೀಮಿತ ಜಾಗದಲ್ಲಿ ಇರುತ್ತಿತ್ತು. ಕೆಲವು ಸಲ ಮರುಡಿಪ್ಲಾಯ್ ಮಾಡಿದ ಕೂಡಲೇ ಆ ಜಾಗ ಮುಗಿದು ಸರ್ವರ್ ಕೂರುತ್ತಿತ್ತು. 2014ರಲ್ಲಿ ಬಂದ ಜಾವಾ 8 ಪರ್ಮ್‌ಜೆನ್ ತೆಗೆದು ಮೆಟಾಸ್ಪೇಸ್ ತಂದಿತು. ಅದು ಪೂರ್ವನಿಯೋಜಿತವಾಗಿ ಮಿತಿಯಿಲ್ಲದೆ ಬೆಳೆಯುವುದರಿಂದ ಸೋರಿಕೆ ಕಣ್ಣಿಗೆ ಬೀಳುವುದು ತಡವಾಯಿತೇ ಹೊರತು ಅದು ನಿಲ್ಲಲಿಲ್ಲ.

ಲಾಗ್4ಜೆ 1ರ ಕಾಲದಲ್ಲಿ ಈ ತೊಂದರೆ ತೀರಾ ನೇರವಾಗಿತ್ತು. ಅದರ ‘ಕಾನ್ಫಿಗರ್ ಅಂಡ್ ವಾಚ್’ ಸೌಲಭ್ಯ ಕಾನ್ಫಿಗರೇಶನ್ ಕಡತವನ್ನು ಕಾಯಲು ಒಂದು ಥ್ರೆಡ್ ಎಬ್ಬಿಸುತ್ತಿತ್ತು. ಲಾಗ್ ಮ್ಯಾನೇಜರಿನ ಶಟ್‌ಡೌನ್ ಕರೆದರೂ ಆ ಥ್ರೆಡ್ ನಿಲ್ಲುತ್ತಿರಲಿಲ್ಲ. ಜೆವಿಎಂ ಸಾಯುವವರೆಗೂ ಅದು ಕಾವಲು ಕೂತೇ ಇರುತ್ತಿತ್ತು. ಸ್ಪ್ರಿಂಗ್ ಫ್ರೇಮ್‌ವರ್ಕ್ ಲಾಗ್4ಜೆ 1ಕ್ಕಾಗಿ ಕೊಡುತ್ತಿದ್ದ ನೆರವು ಕ್ಲಾಸಿನ ದಾಖಲೆಯಲ್ಲೇ, ನಿಜ ಬಳಕೆಯ ಸರ್ವರ್‌ಗಳಲ್ಲಿ ಈ ಸೌಲಭ್ಯ ಬಳಸಬಾರದೆಂಬ ಎಚ್ಚರಿಕೆ ಇತ್ತು. ಅಪಾಚೆ ಸಂಸ್ಥೆ 2015ರ ಆಗಸ್ಟ್‌ನಲ್ಲಿ ಲಾಗ್4ಜೆ 1ರ ಬೆಂಬಲ ಮುಗಿಯಿತೆಂದು ಸಾರಿತು. ಹಾಗಿದ್ದರೂ ಹಳೆಯ ಅಪ್ಲಿಕೇಶನ್‌ಗಳಲ್ಲಿ ಅದು ಇಂದಿಗೂ ಸಿಗುತ್ತದೆ.

ಆರಂಭ

ಲಾಗಿಂಗ್ ಫ್ರೇಮ್‌ವರ್ಕ್‌ಗಳು ಸಾಮಾನ್ಯವಾಗಿ ಯಾರೂ ಕರೆಯದೆ ತಾವೇ ಎಚ್ಚರಗೊಳ್ಳುತ್ತವೆ. ಯಾವುದಾದರೂ ಕ್ಲಾಸ್ ಮೊದಲ ಬಾರಿಗೆ ತನ್ನ ಲಾಗರನ್ನು ಕೇಳಿದಾಗ ಫ್ರೇಮ್‌ವರ್ಕ್ ಕಾನ್ಫಿಗರೇಶನ್ ಹುಡುಕುತ್ತದೆ. ಲಾಗ್‌ಬ್ಯಾಕ್ ಕ್ಲಾಸ್‌ಪಾತ್‌ನಲ್ಲಿ ಮೊದಲು ಪರೀಕ್ಷಾ ಬಳಕೆಯ ಎಕ್ಸ್‌ಎಂಎಲ್ ಕಡತ, ಆಮೇಲೆ ತನ್ನ ಸಾಮಾನ್ಯ ಎಕ್ಸ್‌ಎಂಎಲ್ ಕಡತ ನೋಡುತ್ತದೆ. ಲಾಗ್4ಜೆ 2 ಪ್ರಾಪರ್ಟೀಸ್, ಯಾಮೆಲ್, ಜೇಸನ್, ಎಕ್ಸ್‌ಎಂಎಲ್ ರೂಪಗಳನ್ನು ಸಾಲಾಗಿ ಹುಡುಕುತ್ತದೆ. ಏನೂ ಸಿಗದಿದ್ದಾಗ ಒಂದೊಂದರ ನಡತೆ ಒಂದೊಂದು ರೀತಿ. ಲಾಗ್‌ಬ್ಯಾಕ್ ಡೀಬಗ್ ಮಟ್ಟದ ಎಲ್ಲವನ್ನೂ ಕನ್ಸೋಲ್‌ಗೆ ಸುರಿಯುತ್ತದೆ. ಲಾಗ್4ಜೆ 2 ದೋಷಗಳನ್ನು ಮಾತ್ರ ತೋರಿಸಿ ಉಳಿದುದನ್ನು ನುಂಗುತ್ತದೆ. ಲಾಗ್4ಜೆ 1 ಲಾಗನ್ನು ಹೊರಗೆ ಬರೆಯುವ ಭಾಗವಾದ ಅಪೆಂಡರ್ ಸಿಗಲಿಲ್ಲವೆಂಬ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. ಹೊಸ ಸರ್ವರ್‌ನಲ್ಲಿ ಲಾಗ್ ಕಡತ ಹುಟ್ಟದೆ ಕನ್ಸೋಲ್ ಮಾತ್ರ ತುಂಬುತ್ತಿದ್ದರೆ, ಕಾನ್ಫಿಗರೇಶನ್ ಕಡತ ಕ್ಲಾಸ್‌ಪಾತ್ ಸೇರಿಲ್ಲ ಎಂದು ಮೊದಲು ಶಂಕಿಸುವುದು ಈ ಕಾರಣಕ್ಕೆ.

ವೆಬ್ ಅಪ್ಲಿಕೇಶನ್ನಿನಲ್ಲಿ ಈ ತಾನೇ ಏಳುವ ಗುಣ ತೊಡಕಾಗುತ್ತದೆ. ಕಾನ್ಫಿಗರೇಶನ್ ಒಳಗೆ ಅಪ್ಲಿಕೇಶನ್ನಿನ ಹೆಸರು, ಅದರ ಕಾಂಟೆಕ್ಸ್ಟ್ ಪಾತ್, ಅದರ ಮೂಲ ಫೋಲ್ಡರ್ ಮುಂತಾದ ವಿವರ ಬೇಕಾಗಬಹುದು. ಲಾಗ್4ಜೆ 2ರಲ್ಲಿ ಇವನ್ನು ‘ವೆಬ್’ ಲುಕಪ್ ಮೂಲಕ ಪಡೆಯಬಹುದು, ಆದರೆ ಅದಕ್ಕೆ ಸರ್ವ್ಲೆಟ್ ಕಾಂಟೆಕ್ಸ್ಟ್ ಕೈಗೆ ಸಿಕ್ಕಿರಬೇಕು. ಕಂಟೈನರ್ ಅದನ್ನು ಕೊಡುವ ಮೊದಲೇ ಬೇರಾವುದೋ ಕ್ಲಾಸ್ ಲಾಗರನ್ನು ಎಬ್ಬಿಸಿಬಿಟ್ಟರೆ ಕಡತದ ಹೆಸರಿನ ಜಾಗದಲ್ಲಿ ಬಿಡಿಸದ ಡಾಲರ್ ಚಿಹ್ನೆಯ ಪದವೇ ಉಳಿದು, ಆ ವಿಚಿತ್ರ ಹೆಸರಿನ ಕಡತವೇ ಡಿಸ್ಕಿನಲ್ಲಿ ಹುಟ್ಟಬಹುದು.

ಸರ್ವ್ಲೆಟ್ ನಿರ್ದಿಷ್ಟತೆ ಇದಕ್ಕೆ ಎರಡು ಹಂತಗಳಲ್ಲಿ ದಾರಿ ಮಾಡಿಕೊಟ್ಟಿತು. 2001ರ ಸರ್ವ್ಲೆಟ್ 2.3 ಕಾಂಟೆಕ್ಸ್ಟ್ ಲಿಸನರ್‌ಗಳನ್ನು ತಂದಿತು. ಅಪ್ಲಿಕೇಶನ್ ಏಳುವಾಗ ಫಿಲ್ಟರ್, ಸರ್ವ್ಲೆಟ್‌ಗಳಿಗಿಂತ ಮೊದಲು ಲಿಸನರಿಗೆ ಸುದ್ದಿ ಹೋಗುತ್ತದೆ. ನಿಲ್ಲುವಾಗ ಅವೆಲ್ಲ ನಿಂತ ಮೇಲೆ ಸುದ್ದಿ ಬರುತ್ತದೆ. ಹಲವು ಲಿಸನರ್‌ಗಳಿದ್ದರೆ ಏಳುವಾಗ ಅಪ್ಲಿಕೇಶನ್ನಿನ ವಿವರ ಕಡತವಾದ ವೆಬ್.ಎಕ್ಸ್‌ಎಂಎಲ್‌ನಲ್ಲಿ ಬರೆದ ಕ್ರಮ, ನಿಲ್ಲುವಾಗ ಅದರ ತಿರುಗುಮುರುಗು. ಹೀಗಾಗಿ ಲಾಗಿಂಗ್ ಲಿಸನರನ್ನು ಎಲ್ಲಕ್ಕಿಂತ ಮೇಲೆ ಬರೆದರೆ ಮೊದಲು ಏಳುವ, ಕೊನೆಗೆ ಮಲಗುವ ಎರಡೂ ಗುಣಗಳು ಒಂದೇ ಸಾಲಿನಿಂದ ಸಿಕ್ಕವು. 2009ರ ಡಿಸೆಂಬರ್‌ನಲ್ಲಿ ಬಂದ ಸರ್ವ್ಲೆಟ್ 3.0 ಇನ್ನೂ ಮುಂದೆ ಹೋಗಿ, ಜಾರ್ ಒಳಗೇ ಇರುವ ಇನಿಶಿಯಲೈಸರ್‌ಗಳನ್ನು ಕಂಟೈನರ್ ತಾನೇ ಹುಡುಕಿ ಓಡಿಸುವಂತೆ ಮಾಡಿತು. ವೆಬ್.ಎಕ್ಸ್‌ಎಂಎಲ್‌ನಲ್ಲಿ ಏನೂ ಬರೆಯದೆ, ಜಾರ್ ಸೇರಿಸಿದರಷ್ಟೇ ಲಾಗಿಂಗ್ ಸಿದ್ಧವಾಗುವ ಅನುಕೂಲ ಇಲ್ಲಿಂದ ಬಂತು.

ಲಾಗ್4ಜೆ 2ರ ವೆಬ್ ಘಟಕ

2014ರ ಜುಲೈನಲ್ಲಿ ಸ್ಥಿರ ರೂಪ ಪಡೆದ ಲಾಗ್4ಜೆ 2, ವೆಬ್ ಅಪ್ಲಿಕೇಶನ್‌ಗಳಿಗೆಂದೇ ಪ್ರತ್ಯೇಕ ಘಟಕ ಕೊಡುತ್ತದೆ. ಈ ಘಟಕದ ಇನಿಶಿಯಲೈಸರ್ ಒಂದು ಲಿಸನರನ್ನೂ ಒಂದು ಫಿಲ್ಟರನ್ನೂ ನೋಂದಾಯಿಸುತ್ತದೆ. ಲಿಸನರ್ ಅಪ್ಲಿಕೇಶನ್ನಿಗೆ ಸೇರಿದ ‘ಲಾಗರ್ ಕಾಂಟೆಕ್ಸ್ಟ್’ ಅನ್ನು ಎಬ್ಬಿಸಿ ಕೊನೆಗೆ ನಿಲ್ಲಿಸುತ್ತದೆ. ಫಿಲ್ಟರ್ ಪ್ರತಿ ಕೋರಿಕೆಯ ಥ್ರೆಡ್‌ಗೂ ಸರಿಯಾದ ಕಾಂಟೆಕ್ಸ್ಟ್ ಅಂಟಿಸಿ, ಕೋರಿಕೆ ಮುಗಿದ ಮೇಲೆ ಬಿಡಿಸುತ್ತದೆ. ಬಿಡಿಸುವುದು ಅಂಟಿಸುವಷ್ಟೇ ಮುಖ್ಯ: ಕೋರಿಕೆಯ ಥ್ರೆಡ್‌ಗಳು ಕಂಟೈನರಿಗೆ ಸೇರಿದವು, ಒಂದು ಅಪ್ಲಿಕೇಶನ್ ಬಿಟ್ಟು ಹೋದ ಥ್ರೆಡ್‌ಲೋಕಲ್ ವಸ್ತು ಅದರ ಕ್ಲಾಸ್‌ಲೋಡರನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಅಸಿಂಕ್ರನಸ್ ಕೋರಿಕೆಗಳಲ್ಲಿ ಕೆಲಸ ಬೇರೆ ಥ್ರೆಡ್‌ಗೆ ಜಿಗಿಯುವುದರಿಂದ ಫಿಲ್ಟರ್ ತಲುಪುವುದಿಲ್ಲ. ಅಲ್ಲಿ ಪ್ರೋಗ್ರಾಮರ್ ಆ ಕೆಲಸವನ್ನು ಲಾಗ್4ಜೆ ಕೊಡುವ ಹೊದಿಕೆಯೊಳಗೆ ಸುತ್ತಿ ಕಳಿಸಬೇಕಾಗುತ್ತದೆ.

ಈ ಸ್ವಯಂಚಾಲಿತ ವ್ಯವಸ್ಥೆ ಕೈಕೊಡುವ ಸಂದರ್ಭಗಳೂ ಇವೆ. 7.0.43ಕ್ಕಿಂತ ಹಿಂದಿನ ಟಾಮ್‌ಕ್ಯಾಟ್ 7 ಆವೃತ್ತಿಗಳು ಆರಂಭದ ವೇಗಕ್ಕಾಗಿ ಕೆಲವು ಜಾರ್‌ಗಳನ್ನು ತೆರೆದು ನೋಡದೆ ಬಿಡುತ್ತಿದ್ದವು, ಆ ಪಟ್ಟಿಯಲ್ಲಿ ಲಾಗ್4ಜೆ ಹೆಸರಿನ ಎಲ್ಲ ಜಾರ್‌ಗಳೂ ಇದ್ದವು. ಇನಿಶಿಯಲೈಸರ್ ಓಡುತ್ತಲೇ ಇರಲಿಲ್ಲ, ಯಾವ ದೋಷ ಸಂದೇಶವೂ ಬರುತ್ತಿರಲಿಲ್ಲ. ಜಕಾರ್ತಾ ಇಇ 9 ಬಂದಾಗ ಇದೇ ಬಗೆಯ ಮೌನ ಮತ್ತೆ ಕಾಣಿಸಿತು. ಪ್ಯಾಕೇಜ್ ಹೆಸರುಗಳು ‘ಜಾವಾಎಕ್ಸ್’ನಿಂದ ‘ಜಕಾರ್ತಾ’ಕ್ಕೆ ಬದಲಾದವು, ಟಾಮ್‌ಕ್ಯಾಟ್ 10ಕ್ಕೆ ಹಳೆಯ ವೆಬ್ ಘಟಕದ ಇನಿಶಿಯಲೈಸರ್ ಕಣ್ಣಿಗೇ ಬೀಳುವುದಿಲ್ಲ. ಅಂಥ ಸರ್ವರ್‌ಗಳಿಗೆ ಜಕಾರ್ತಾ ಹೆಸರಿನ ಪ್ರತ್ಯೇಕ ಘಟಕ ಹಾಕಬೇಕು.

ಒಂದೇ ಜೆವಿಎಂನಲ್ಲಿ ಹಲವು ಅಪ್ಲಿಕೇಶನ್‌ಗಳಿದ್ದಾಗ ಯಾರ ಲಾಗರ್ ಯಾರದು ಎಂದು ಬೇರ್ಪಡಿಸುವ ಕೆಲಸ ‘ಕಾಂಟೆಕ್ಸ್ಟ್ ಸೆಲೆಕ್ಟರ್’ ಮಾಡುತ್ತದೆ. ಲಾಗ್4ಜೆ 2ರ ಪೂರ್ವನಿಯೋಜಿತ ಸೆಲೆಕ್ಟರ್ ಕರೆದ ಕ್ಲಾಸಿನ ಕ್ಲಾಸ್‌ಲೋಡರ್ ನೋಡಿ ತೀರ್ಮಾನಿಸುತ್ತದೆ. ಲಾಗ್4ಜೆ ಜಾರ್ ಪ್ರತಿ ಅಪ್ಲಿಕೇಶನ್ನಿನ ವೆಬ್-ಇನ್ಫ್ ಫೋಲ್ಡರಿನೊಳಗೇ ಇದ್ದರೆ ಬೇರ್ಪಡೆ ತಾನಾಗಿ ಆಗುತ್ತದೆ. ಸರ್ವರಿನ ಹಂಚಿಕೆಯ ಫೋಲ್ಡರಿನಲ್ಲಿ ಒಂದೇ ಪ್ರತಿ ಇಟ್ಟರೆ ಸೆಲೆಕ್ಟರ್ ಮೇಲೆ ಅವಲಂಬನೆ ಹೆಚ್ಚುತ್ತದೆ. ಹೆಸರಿನಿಂದ ವಸ್ತುಗಳನ್ನು ಹುಡುಕುವ ಜಾವಾ ಸೌಲಭ್ಯವಾದ ಜೆಎನ್‌ಡಿಐಯ ಹೆಸರಿನಿಂದ ಬೇರ್ಪಡಿಸುವ ಸೆಲೆಕ್ಟರೂ ಇದೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ಎಂಬ ಗಂಭೀರ ಭದ್ರತಾ ದೋಷ ಹೊರಬಿದ್ದ ಮೇಲೆ ಜೆಎನ್‌ಡಿಐ ಸಂಬಂಧದ ಸೌಲಭ್ಯಗಳನ್ನು ಸ್ಪಷ್ಟ ಅನುಮತಿ ಇಲ್ಲದೆ ಬಳಸಲಾಗದಂತೆ ಮಾಡಲಾಯಿತು, ಈ ಸೆಲೆಕ್ಟರೂ ಅದರಲ್ಲಿ ಸೇರಿತು. ಒಟ್ಟಾರೆ ನೋಡಿದರೆ ಅಪ್ಲಿಕೇಶನ್ನಿಗೆ ಒಂದು ಪ್ರತಿ ಎಂಬ ಕ್ರಮವೇ ಲೇಸು. ಭದ್ರತಾ ತಿದ್ದುಪಡಿ ಬಂದಾಗ ಎಲ್ಲ ಪ್ರತಿಗಳನ್ನು ಹುಡುಕಿ ಬದಲಿಸುವ ಶ್ರಮ ಅದರಲ್ಲಿ ಇದೆ, ನಿಜ. ಆದರೆ ಒಬ್ಬರ ಶಟ್‌ಡೌನ್ ಇನ್ನೊಬ್ಬರ ಲಾಗನ್ನು ಮುಚ್ಚುವ ಅಪಾಯ ಇಲ್ಲ.

ಮುಕ್ತಾಯ

ಜಾವಾ 1.3ರಿಂದ ಜೆವಿಎಂ ‘ಶಟ್‌ಡೌನ್ ಹುಕ್’ ಎಂಬ ಸೌಲಭ್ಯ ಕೊಡುತ್ತದೆ: ಜೆವಿಎಂ ನಿಲ್ಲುವ ಮುನ್ನ ಓಡಬೇಕಾದ ಥ್ರೆಡ್‌ಗಳನ್ನು ಮೊದಲೇ ನೋಂದಾಯಿಸಿಡುವುದು. ಲಾಗಿಂಗ್ ಫ್ರೇಮ್‌ವರ್ಕ್‌ಗಳಿಗೆ ಇದು ಸಹಜ ಆಯ್ಕೆಯಂತೆ ತೋರುತ್ತದೆ, ಆದರೆ ವೆಬ್ ಅಪ್ಲಿಕೇಶನ್ನಿನಲ್ಲಿ ಎರಡು ರೀತಿಯಲ್ಲಿ ಕೆಡುತ್ತದೆ. ಮೊದಲನೆಯದಾಗಿ ಹುಕ್ ಜೆವಿಎಂ ಆಯುಷ್ಯಕ್ಕೆ ಕಟ್ಟುಬಿದ್ದದ್ದು. ಅಪ್ಲಿಕೇಶನ್ ನಿಂತರೂ ಹುಕ್ ಉಳಿದು ಅದರ ಕ್ಲಾಸ್‌ಲೋಡರನ್ನು ಹಿಡಿದಿರುತ್ತದೆ. ಎರಡನೆಯದಾಗಿ ಹುಕ್‌ಗಳು ನಿಶ್ಚಿತ ಕ್ರಮವಿಲ್ಲದೆ ಏಕಕಾಲಕ್ಕೆ ಓಡುತ್ತವೆ. ಟಾಮ್‌ಕ್ಯಾಟ್ ತನ್ನದೇ ಹುಕ್‌ನಲ್ಲಿ ಅಪ್ಲಿಕೇಶನ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಿರುವಾಗ ಪಕ್ಕದ ಲಾಗಿಂಗ್ ಹುಕ್ ಅಷ್ಟರಲ್ಲೇ ಕಡತ ಮುಚ್ಚಿರಬಹುದು. ಡೇಟಾಬೇಸ್ ಸಂಪರ್ಕ ಮುಚ್ಚುವಾಗ ಬಂದ ದೋಷ ಎಲ್ಲೂ ದಾಖಲಾಗುವುದಿಲ್ಲ. ಆದ್ದರಿಂದ ಲಾಗ್4ಜೆ 2ರ ವೆಬ್ ಘಟಕ ಇದ್ದಾಗ ಅದರ ಶಟ್‌ಡೌನ್ ಹುಕ್ ತಾನಾಗಿ ನಿಷ್ಕ್ರಿಯವಾಗುತ್ತದೆ, ಮುಚ್ಚುವ ಹೊಣೆ ಲಿಸನರಿಗೆ ಬರುತ್ತದೆ. ಲಾಗ್‌ಬ್ಯಾಕ್ ಕೂಡ 1.1.10ನೇ ಆವೃತ್ತಿಯಿಂದ ಇದೇ ದಾರಿ ಹಿಡಿದಿದೆ: ತನ್ನ ಇನಿಶಿಯಲೈಸರ್ ಮೂಲಕ ಲಿಸನರ್ ಹಾಕಿ, ಅಪ್ಲಿಕೇಶನ್ ನಿಂತಾಗ ಕಾಂಟೆಕ್ಸ್ಟ್ ನಿಲ್ಲಿಸುತ್ತದೆ. ಬೇಡವಾದವರು ವೆಬ್.ಎಕ್ಸ್‌ಎಂಎಲ್‌ನ ಒಂದು ನಿಯತಾಂಕದಿಂದ ಇದನ್ನು ತಡೆಯಬಹುದು.

ಇಷ್ಟಾದರೂ ಒಂದು ಸೂಕ್ಷ್ಮ ತೊಡಕು ಉಳಿಯುತ್ತದೆ. ಗ್ರಂಥಾಲಯದ ಪುಸ್ತಕ ಎರವಲಿನ ಒಂದು ಅಪ್ಲಿಕೇಶನ್ ಟಾಮ್‌ಕ್ಯಾಟ್‌ನಲ್ಲಿ ಓಡುತ್ತಿದೆ ಎಂದಿಟ್ಟುಕೊಂಡರೆ, ಅದರ ವೆಬ್.ಎಕ್ಸ್‌ಎಂಎಲ್‌ನಲ್ಲಿ ಡೇಟಾಬೇಸ್ ಪೂಲ್ ತೆರೆದು ಮುಚ್ಚುವ ಒಂದು ಲಿಸನರ್ ಇರುತ್ತದೆ. ಲಾಗ್4ಜೆ ಲಿಸನರ್ ಇನಿಶಿಯಲೈಸರ್ ಮೂಲಕ ಬಂದದ್ದು. ಇನಿಶಿಯಲೈಸರ್ ಹಾಕಿದ ಲಿಸನರ್‌ಗಳನ್ನು ಟಾಮ್‌ಕ್ಯಾಟ್ ವೆಬ್.ಎಕ್ಸ್‌ಎಂಎಲ್‌ನ ಲಿಸನರ್‌ಗಳ ನಂತರ ಇಡುತ್ತದೆ. ಮುಚ್ಚುವ ಕ್ರಮ ತಿರುಗುಮುರುಗು ಆದ್ದರಿಂದ ಮೊದಲು ನಿಲ್ಲುವುದು ಲಾಗ್4ಜೆ, ಆಮೇಲೆ ಡೇಟಾಬೇಸ್ ಪೂಲ್. ಪೂಲ್ ಮುಚ್ಚುವಾಗ ಮೂರು ಸಂಪರ್ಕಗಳು ಹಿಂದಿರುಗಲಿಲ್ಲವೆಂದು ಬರೆದ ಎಚ್ಚರಿಕೆ, ಆಗಲೇ ಮುಚ್ಚಿದ ಕಡತದ ಬಾಗಿಲಿಗೆ ಬಡಿದು ಮಾಯವಾಗುತ್ತದೆ. ಯಾವ ಥ್ರೆಡ್ ಸಂಪರ್ಕ ಹಿಡಿದುಕೊಂಡಿತ್ತು ಎಂದು ಆಮೇಲೆ ಹುಡುಕುವವರಿಗೆ ಬೇಕಿದ್ದುದು ಆ ಸಾಲೇ. ಇದಕ್ಕಾಗಿ ಲಾಗ್4ಜೆ ಸ್ವಯಂ ಮುಚ್ಚುವಿಕೆಯನ್ನು ತಡೆಯುವ ನಿಯತಾಂಕವನ್ನೂ, ಮುಚ್ಚುವ ಕೆಲಸ ಮಾತ್ರ ಮಾಡುವ ಬೇರೊಂದು ಲಿಸನರನ್ನೂ ಕೊಡುತ್ತದೆ. ಆ ಲಿಸನರನ್ನು ವೆಬ್.ಎಕ್ಸ್‌ಎಂಎಲ್‌ನಲ್ಲಿ ಎಲ್ಲಕ್ಕಿಂತ ಮೊದಲು ಬರೆದರೆ ಅದು ಎಲ್ಲಕ್ಕಿಂತ ಕೊನೆಗೆ ಓಡುತ್ತದೆ.

ಮುಚ್ಚುವುದೆಂದರೆ ಬರೀ ಕಡತಕ್ಕೆ ಬಾಗಿಲು ಹಾಕುವುದಲ್ಲ. ಒಳಗೆ ಕಾಯುತ್ತಿರುವುದನ್ನೆಲ್ಲ ಹೊರಗೆ ಬರೆದು ಮುಗಿಸುವುದು. ಅಸಿಂಕ್ರನಸ್ ಲಾಗಿಂಗ್‌ನಲ್ಲಿ ಕೋರಿಕೆಯ ಥ್ರೆಡ್ ಸಂದೇಶವನ್ನು ಸರದಿಗೆ ಹಾಕಿ ಮುಂದೆ ಹೋಗುತ್ತದೆ, ಬೇರೊಂದು ಥ್ರೆಡ್ ನಿಧಾನವಾಗಿ ಡಿಸ್ಕಿಗೆ ಬರೆಯುತ್ತದೆ. ಲಾಗ್‌ಬ್ಯಾಕ್‌ನ ಅಸಿಂಕ್ರನಸ್ ಅಪೆಂಡರಿನ ಸರದಿ ಪೂರ್ವನಿಯೋಜಿತವಾಗಿ 256 ಸಂದೇಶಗಳದ್ದು. ನಿಲ್ಲಿಸುವಾಗ ಅದು ಸರದಿ ಖಾಲಿಯಾಗಲು 1000 ಮಿಲಿಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಬರೆಯಲಾಗದ್ದು ಹೋಯಿತು. ಸ್ಥಳೀಯ ಡಿಸ್ಕಿಗೆ ಒಂದು ಸೆಕೆಂಡ್ ಬೇಕಾದಷ್ಟಾಯಿತು, ಆದರೆ ನೆಟ್‌ವರ್ಕ್ ಮೂಲಕ ಬರೆಯುವಲ್ಲಿ ಸಾಲದೆ ಹೋಗಬಹುದು. ಲಾಗ್4ಜೆ 2ರ ಅಸಿಂಕ್ರನಸ್ ಅಪೆಂಡರ್ ಇದಕ್ಕೆ ತದ್ವಿರುದ್ಧ: ಮಿತಿ ಹೇಳದಿದ್ದರೆ ಸರದಿ ಮುಗಿಯುವವರೆಗೂ ಕಾಯುತ್ತದೆ. ಅಸಿಂಕ್ರನಸ್ ಅಲ್ಲದ ಕಡತ ಅಪೆಂಡರ್‌ನಲ್ಲೂ ‘ತಕ್ಷಣ ಫ್ಲಶ್’ ಆಯ್ಕೆಯನ್ನು ವೇಗಕ್ಕಾಗಿ ತೆಗೆದುಹಾಕಿದ್ದರೆ 8 ಕಿಲೋಬೈಟ್‌ವರೆಗಿನ ಬರಹ ಬಫರಿನಲ್ಲೇ ಇರಬಹುದು, ಸರಿಯಾಗಿ ಮುಚ್ಚದಿದ್ದರೆ ಅದೂ ಹೋಗುತ್ತದೆ. ಅಪ್ಲಿಕೇಶನ್ ಕುಸಿಯುವ ಮುನ್ನ ಬರೆದ ಕೊನೆಯ ಕೆಲವು ಸಾಲುಗಳೇ ಕುಸಿತದ ಕಾರಣ ಹೇಳುವುದರಿಂದ ಈ ಸಂಖ್ಯೆಗಳನ್ನು ಹಗುರವಾಗಿ ನೋಡುವಂತಿಲ್ಲ.

ಮುಚ್ಚದೇ ಬಿಟ್ಟ ಕಡತದ ಫಲ ಆಪರೇಟಿಂಗ್ ಸಿಸ್ಟಮ್‌ಗೆ ತಕ್ಕಂತೆ ಬದಲಾಗುತ್ತದೆ. ವಿಂಡೋಸ್‌ನಲ್ಲಿ ಹಳೆಯ ಅಪ್ಲಿಕೇಶನ್ ಹಿಡಿದಿರುವ ಕಡತವನ್ನು ಹೊಸದು ಮರುಹೆಸರಿಸಲಾಗದೆ, ದಿನಕ್ಕೊಂದು ಕಡತವಾಗಿ ಉರುಳಬೇಕಾದ ಲಾಗ್ ಉರುಳದೆ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ಅಂಥ ಕಡತವನ್ನು ಅಳಿಸಲು ಅಡ್ಡಿಯಿಲ್ಲ, ಆದರೆ ಅಳಿಸಿದ ಮೇಲೂ ಅದು ಡಿಸ್ಕಿನ ಜಾಗ ಬಿಡುವುದಿಲ್ಲ. ಫೋಲ್ಡರಿನ ಪಟ್ಟಿಯಲ್ಲಿ ಏನೂ ಕಾಣದೆ ಡಿಸ್ಕ್ ಮಾತ್ರ ತುಂಬಿರುವಾಗ, ತೆರೆದ ಕಡತಗಳನ್ನು ತೋರಿಸುವ ಕಮಾಂಡ್ ಓಡಿಸಿದರೆ ಅಳಿಸಿದ ಲಾಗ್ ಕಡತ ಜಾವಾ ಪ್ರಕ್ರಿಯೆಯ ಹೆಸರಿನಲ್ಲಿ ಇನ್ನೂ ಕೂತಿರುವುದು ಕಾಣುತ್ತದೆ.

ಜೆಯುಎಲ್, ಸೇತುವೆಗಳು

2002ರ ಜಾವಾ 1.4ರೊಂದಿಗೆ ಬಂದ ಜೆಯುಎಲ್ ಜಾವಾದ ಅಂಗವೇ ಆದ್ದರಿಂದ ಇಡೀ ಜೆವಿಎಂಗೆ ಒಂದೇ ಲಾಗ್ ಮ್ಯಾನೇಜರ್. ಅಪ್ಲಿಕೇಶನ್‌ಗಳ ನಡುವೆ ಬೇರ್ಪಡೆ ಇಲ್ಲ. ಟಾಮ್‌ಕ್ಯಾಟ್ ಇದಕ್ಕೆ ಜೂಲಿ ಎಂಬ ತನ್ನದೇ ರೂಪ ಇಟ್ಟುಕೊಂಡಿದೆ. ಅದು ಕ್ಲಾಸ್‌ಲೋಡರ್‌ಗೆ ತಕ್ಕಂತೆ ಪ್ರತ್ಯೇಕ ಕಾನ್ಫಿಗರೇಶನ್ ಓದುತ್ತದೆ. ಸರ್ವರ್ ನಿಲ್ಲುವಾಗ ಟಾಮ್‌ಕ್ಯಾಟ್ ನಡೆದುಕೊಳ್ಳುವ ರೀತಿ ಗಮನಿಸತಕ್ಕದ್ದು. ಜೂಲಿಗೂ ತನ್ನದೇ ಶಟ್‌ಡೌನ್ ಹುಕ್ ಇದೆ, ಆದರೆ ಟಾಮ್‌ಕ್ಯಾಟ್ ಏಳುವಾಗಲೇ ಅದನ್ನು ನಿಷ್ಕ್ರಿಯಗೊಳಿಸಿ, ತನ್ನ ಹುಕ್‌ನೊಳಗೆ ಎಲ್ಲ ಅಪ್ಲಿಕೇಶನ್‌ಗಳೂ ನಿಂತ ಮೇಲೆ ಕಟ್ಟಕಡೆಗೆ ಜೂಲಿಯನ್ನು ತಾನೇ ನಿಲ್ಲಿಸುತ್ತದೆ. ಕಂಟೈನರ್ ಬರೆದವರು ಅಪ್ಲಿಕೇಶನ್ ಬರೆಯುವವರಿಗೆ ತೋರಿಸಿಕೊಟ್ಟ ಮಾದರಿ ಇದು.

ಹಲವು ಲಾಗಿಂಗ್ ಫ್ರೇಮ್‌ವರ್ಕ್‌ಗಳಿಗೆ ಸಾಮಾನ್ಯ ಮುಖವಾದ ಎಸ್‌ಎಲ್‌ಎಫ್4ಜೆ ಬಳಸುವ ಅಪ್ಲಿಕೇಶನ್‌ಗಳು ಜೆಯುಎಲ್ ಸಂದೇಶಗಳನ್ನೂ ತಮ್ಮ ಕಡೆ ತಿರುಗಿಸಲು ಒಂದು ಸೇತುವೆ ಹ್ಯಾಂಡ್ಲರ್ ಹಾಕಿಕೊಳ್ಳುತ್ತವೆ. ಆ ಹ್ಯಾಂಡ್ಲರ್ ಜೆವಿಎಂನ ಮೂಲ ಲಾಗರಿಗೆ ಅಂಟುವುದರಿಂದ, ಅಪ್ಲಿಕೇಶನ್ ನಿಲ್ಲುವಾಗ ಅದನ್ನು ಕಿತ್ತುಹಾಕದಿದ್ದರೆ ಅಪ್ಲಿಕೇಶನ್ನಿನ ಕ್ಲಾಸ್‌ಲೋಡರ್ ಜೆವಿಎಂ ಇರುವವರೆಗೂ ಉಳಿಯುತ್ತದೆ. ಲಾಗ್‌ಬ್ಯಾಕ್ ಕಾಂಟೆಕ್ಸ್ಟ್ ಮುಚ್ಚಿದರೆ ಈ ಸೇತುವೆ ತಾನಾಗಿ ಬೀಳುವುದಿಲ್ಲ. ಹಳೆಯ ಕಾಮನ್ಸ್ ಲಾಗಿಂಗ್‌ನಲ್ಲೂ ಇಂಥದ್ದೇ ಹಿಡಿತವಿತ್ತು. ಕ್ಲಾಸ್‌ಲೋಡರ್ ಆಧಾರದಲ್ಲಿ ಅದು ಇಟ್ಟುಕೊಂಡ ಪಟ್ಟಿಯನ್ನು ತೆರವು ಮಾಡಲು ಒಂದು ಲಿಸನರನ್ನು ಅದರ ಜೊತೆಗೇ ಕೊಡಲಾಗಿತ್ತು.

ಸ್ಪ್ರಿಂಗ್ ಬೂಟ್, ಕುಬರ್ನೆಟೀಸ್

ಸ್ಪ್ರಿಂಗ್ ಬೂಟ್ ಬಳಕೆ ಹೆಚ್ಚಿದ ಮೇಲೆ ಸರ್ವ್ಲೆಟ್ ಕಂಟೈನರ್ ಅಪ್ಲಿಕೇಶನ್ನಿನ ಒಳಗೇ ಸೇರಿತು. ಒಂದು ಜೆವಿಎಂಗೆ ಒಂದು ಅಪ್ಲಿಕೇಶನ್ ಎಂದಾದುದರಿಂದ ಎರಡು ಆಯುಷ್ಯಗಳು ಮತ್ತೆ ಒಂದಾದವು, ಮರುಡಿಪ್ಲಾಯ್ ಸೋರಿಕೆ ಬಹುಮಟ್ಟಿಗೆ ಹಿಂದೆ ಸರಿಯಿತು. ಹಾಗೆಂದು ಹಳೆಯ ಉಪಾಯಗಳನ್ನು ಇಲ್ಲಿಗೆ ಹಾಗೇ ತರಲಾಗದು. ಒಳಗೆ ಹುದುಗಿದ ಕಂಟೈನರ್ ಜಾರ್‌ಗಳೊಳಗಿನ ಇನಿಶಿಯಲೈಸರ್‌ಗಳನ್ನು ಓಡಿಸುವುದಿಲ್ಲ, ಹೀಗಾಗಿ ಲಾಗ್4ಜೆ ವೆಬ್ ಘಟಕವನ್ನು ಸೇರಿಸಿದರೂ ಅದರ ಲಿಸನರ್ ತಾನಾಗಿ ಏಳದು. ಸ್ಪ್ರಿಂಗ್ ಬೂಟ್ ತನ್ನದೇ ಲಾಗಿಂಗ್ ವ್ಯವಸ್ಥೆಯಿಂದ ಇದನ್ನು ನೋಡಿಕೊಳ್ಳುತ್ತದೆ: ಸ್ಪ್ರಿಂಗ್ ಕಾಂಟೆಕ್ಸ್ಟ್ ಏಳುವ ಮೊದಲೇ ಲಾಗಿಂಗ್ ಸಿದ್ಧಪಡಿಸುತ್ತದೆ, ಶಟ್‌ಡೌನ್ ಹುಕ್ ಹಾಕುತ್ತದೆ, ಆದರೆ ಅಪ್ಲಿಕೇಶನ್ ವಾರ್ ಕಡತವಾಗಿ ಹೊರಗಿನ ಸರ್ವರ್‌ಗೆ ಹೋದಾಗ ಹುಕ್ ಹಾಕುವುದಿಲ್ಲ. ಲಾಗ್‌ಬ್ಯಾಕ್ ಬಳಸುವವರಿಗೆ ಹೆಸರಿನಲ್ಲಿ ‘ಸ್ಪ್ರಿಂಗ್’ ಸೇರಿದ ಕಾನ್ಫಿಗರೇಶನ್ ಕಡತವನ್ನು ಅದು ಸೂಚಿಸುವುದಕ್ಕೂ ಆರಂಭದ ಕ್ರಮವೇ ಕಾರಣ. ಸಾಮಾನ್ಯ ಹೆಸರಿನ ಕಡತವನ್ನು ಲಾಗ್‌ಬ್ಯಾಕ್ ತುಂಬ ಬೇಗ ತಾನೇ ಓದಿಬಿಡುವುದರಿಂದ ಸ್ಪ್ರಿಂಗ್‌ನ ವಿಸ್ತರಣೆಗಳು ಅದರಲ್ಲಿ ಕೆಲಸ ಮಾಡುವುದಿಲ್ಲ.

ಡಾಕರ್, ಕುಬರ್ನೆಟೀಸ್ ಪರಿಸರದಲ್ಲಿ ಮುಕ್ತಾಯಕ್ಕೆ ಗಡುವೂ ಇದೆ. ಕುಬರ್ನೆಟೀಸ್ ಮೊದಲು ಸಿಗ್‌ಟರ್ಮ್ ಕಳಿಸಿ ಪೂರ್ವನಿಯೋಜಿತವಾಗಿ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಸಿಗ್‌ಕಿಲ್ ಕಳಿಸುತ್ತದೆ. ಸಿಗ್‌ಕಿಲ್ ಬಂದರೆ ಹುಕ್ ಓಡುವುದಿಲ್ಲ, ಲಿಸನರ್ ಓಡುವುದಿಲ್ಲ, ಸರದಿಯಲ್ಲಿದ್ದುದು ಅಲ್ಲಿಗೇ ಮುಗಿಯಿತು. ಲಾಗ್4ಜೆ ಲಿಸನರ್ ತನ್ನ ಕಾಂಟೆಕ್ಸ್ಟ್ ನಿಲ್ಲಲು ಕಾಯುವ ಮಿತಿಯೂ 30 ಸೆಕೆಂಡ್. ಬಾಕಿ ಕೋರಿಕೆಗಳನ್ನು ಮುಗಿಸಲು ಸ್ಪ್ರಿಂಗ್ ಬೂಟ್ ಪ್ರತಿ ಹಂತಕ್ಕೆ ಕೊಡುವುದೂ 30 ಸೆಕೆಂಡ್. ಕೋರಿಕೆಗಳೇ ಇಡೀ ಅವಧಿ ತಿಂದರೆ ಲಾಗರಿಗೆ ಏನೂ ಉಳಿಯದು. ಹೊರಗಿನ ಗಡುವು ಒಳಗಿನ ಎಲ್ಲ ಕಾಯುವಿಕೆಗಳ ಮೊತ್ತಕ್ಕಿಂತ ದೊಡ್ಡದಿರಬೇಕು. ಜಾವಾವನ್ನು ಶೆಲ್ ಸ್ಕ್ರಿಪ್ಟ್ ಒಳಗಿನಿಂದ ‘ಎಕ್ಸೆಕ್’ ಇಲ್ಲದೆ ಎಬ್ಬಿಸಿದ ಇಮೇಜ್‌ಗಳಲ್ಲಿ ಸಿಗ್‌ಟರ್ಮ್ ಶೆಲ್‌ಗೆ ತಲುಪಿ ಜೆವಿಎಂಗೆ ತಲುಪದೇ ಹೋಗುವುದೂ ಉಂಟು. ಆಗ ಗಡುವು ಎಷ್ಟಿದ್ದರೂ ಪ್ರತಿ ಸಲ ಸಿಗ್‌ಕಿಲ್‌ನಲ್ಲೇ ಕೊನೆಯಾಗುತ್ತದೆ.

ತಪಾಸಣೆ

ಆರಂಭ ಸರಿಯಾಯಿತೇ ಎಂದು ತಿಳಿಯಲು ಫ್ರೇಮ್‌ವರ್ಕ್‌ಗಳ ಸ್ವಂತ ಸ್ಥಿತಿ ಸಂದೇಶಗಳನ್ನು ತೆರೆಯಬಹುದು. ಲಾಗ್4ಜೆ 2ರ ಡೀಬಗ್ ಪ್ರಾಪರ್ಟಿಯಾಗಲಿ ಲಾಗ್‌ಬ್ಯಾಕ್‌ನ ಸ್ಟೇಟಸ್ ಲಿಸನರ್ ಆಗಲಿ ಯಾವ ಕಡತ ಓದಿತು, ಯಾವ ಅಪೆಂಡರ್ ಎದ್ದಿತು ಎಂದು ಸಾಲುಸಾಲಾಗಿ ಹೇಳುತ್ತವೆ. ಮುಕ್ತಾಯದ ತಪಾಸಣೆಗೆ ಅಪ್ಲಿಕೇಶನ್ನನ್ನು ಕೆಲವು ಸಲ ಮರುಡಿಪ್ಲಾಯ್ ಮಾಡಿ ನೋಡಬೇಕು. ಅಪ್ಲಿಕೇಶನ್ ಎಬ್ಬಿಸಿದ ಥ್ರೆಡ್ ನಿಂತಿಲ್ಲವಾದರೆ ಟಾಮ್‌ಕ್ಯಾಟ್ ಅದರ ಹೆಸರು ಹೇಳಿ ಸೋರಿಕೆಯ ಎಚ್ಚರಿಕೆ ಬರೆಯುತ್ತದೆ. ಅದರ ಮ್ಯಾನೇಜರ್ ಪುಟದ ‘ಫೈಂಡ್ ಲೀಕ್ಸ್’ ಗುಂಡಿ ಪೂರ್ಣ ಗಾರ್ಬೇಜ್ ಕಲೆಕ್ಷನ್ ನಡೆಸಿ, ನಿಂತ ಮೇಲೂ ಮೆಮೊರಿಯಲ್ಲಿ ಉಳಿದ ಅಪ್ಲಿಕೇಶನ್‌ಗಳನ್ನು ಪಟ್ಟಿ ಮಾಡುತ್ತದೆ. ಹೀಪ್ ಡಂಪ್ ತೆಗೆದು ವೆಬ್ ಅಪ್ಲಿಕೇಶನ್ ಕ್ಲಾಸ್‌ಲೋಡರಿನ ಪ್ರತಿಗಳನ್ನು ಎಣಿಸಿದರೆ ಓಡುತ್ತಿರುವ ಅಪ್ಲಿಕೇಶನ್‌ಗಳ ಸಂಖ್ಯೆಗೆ ಅದು ಸಮವಿರಬೇಕು. ಹೆಚ್ಚು ಇದ್ದರೆ, ಉಳಿದ ಪ್ರತಿಯಿಂದ ಮೂಲದವರೆಗಿನ ಹಿಡಿತದ ಸರಪಣಿಯನ್ನು ಹಿಂಬಾಲಿಸಿದಾಗ ಅದನ್ನು ಹಿಡಿದಿರುವ ಥ್ರೆಡ್, ಹುಕ್ ಅಥವಾ ಹ್ಯಾಂಡ್ಲರ್ ಯಾವುದೆಂದು ಹೆಸರು ಸಮೇತ ಸಿಗುತ್ತದೆ.